ಹಕ್ಕು ಮೊದಲೋ, ಕರ್ತವ್ಯ ಮೊದಲೋ

ಮಂಡ್ಯ ಜಿಲ್ಲೆಯ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರ ಪತ್ರ: ‘ಮಾನವ ಹಕ್ಕುಗಳ ಬಗ್ಗೆ ಪುಟಗಟ್ಟಲೆ ಬರೆಯುತ್ತೀರಿ. ಕರ್ತವ್ಯ ಮಾಡದವನಿಗೆ ಹಕ್ಕೆಲ್ಲಿಯದು? ವಿಶ್ವಸಂಸ್ಥೆ ಏನೋ ಹೇಳಿದರೆ ನಮ್ಮಂಥ ಹಳ್ಳಿಯವರು ಮಾಡುವುದಾದರೂ ಏನು? ಮುಂದಿನ ಸಂಚಿಕೆಯಲ್ಲಿ ಮೂಲಭೂತ ಕರ್ತವ್ಯಗಳ ಪಟ್ಟಿ ಹಾಕಿ.’

ಮೇಷ್ಟ್ರೇ, ನಿಮ್ಮ ದುಂಡಗಿನ ಅಕ್ಷರ ಕಂಡೇ ಅರ್ಧ ಸೋತೆ. ಕರ್ತವ್ಯದ ಮಾತು ಸುಳ್ಳೇನಲ್ಲ. 1948ರ ಡಿಸೆಂಬರ್ 10ರಂದು ಪ್ಯಾರಿಸ್ಸಿನಲ್ಲಿ ಅಂಗೀಕಾರವಾದ, ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 30 ವಿಧಿಗಳಲ್ಲಿ 29ನೆಯದು ಅದನ್ನೂ ಹೇಳುತ್ತದೆ. ನಿಮಗೆ ಸಲ್ಲಬೇಕಾದದ್ದು ಸಂದಿತು.

ಆದರೆ ನಮ್ಮ ಸಂವಿಧಾನಕ್ಕೆ ಮೂಲಭೂತ ಕರ್ತವ್ಯಗಳು ಸೇರಿದ್ದು ಯಾವಾಗ? ಪಾಠ ಮಾಡಿದವರು ನೀವು, ನೆನಪಿರಬೇಕು. 1976ರಲ್ಲಿ, ತುರ್ತು ಪರಿಸ್ಥಿತಿಯ ನಡುವೆ, 42ನೇ ತಿದ್ದುಪಡಿಯಲ್ಲಿ. ವಿಚಾರಣೆಯಿಲ್ಲದೆ ಬಂಧನದಲ್ಲಿರುವವರು ಬಿಡುಗಡೆ ಕೋರಿ ನ್ಯಾಯಾಲಯಕ್ಕೆ ಬರುವಂತಿಲ್ಲವೆಂದು ಸುಪ್ರೀಂ ಕೋರ್ಟ್ ತೀರ್ಪಿತ್ತದ್ದೂ ಅದೇ ವರ್ಷ. ಐವರು ನ್ಯಾಯಮೂರ್ತಿಗಳಲ್ಲಿ ಒಪ್ಪದವರು ಎಚ್.ಆರ್. ಖನ್ನಾ ಒಬ್ಬರೇ. ಬಾಯಿ ಕಟ್ಟಿದ ಮೇಲೆ ನೀತಿ ಬೋಧಿಸುವುದು ಎಷ್ಟು ಸಲೀಸು ನೋಡಿ!

ಜೀತಪದ್ಧತಿ ರದ್ದತಿ ಕಾಯಿದೆಯೂ ಅದೇ ವರ್ಷದ್ದು, ಒಪ್ಪುತ್ತೇನೆ. ಆಲೆಮನೆಗೋ ಇಟ್ಟಿಗೆ ಗೂಡಿಗೋ ಮುಂಗಡ ಪಡೆದು ಬಂದ ಕುಟುಂಬವನ್ನು, ಸಾಲ ತೀರುವ ತನಕ ಊರಿಗೆ ಹೋಗಕೂಡದೆಂದು ಮಾಲೀಕ ತಡೆದರೆ ಅದು ಜೀತ. ಆ ಸಾಲ ಕಾನೂನಿನ ಪ್ರಕಾರ ರದ್ದು. ಅದು ಜೀತದ ಸಾಲವಲ್ಲ ಎಂದು ರುಜುವಾತು ಮಾಡಬೇಕಾದವನು ಮಾಲೀಕನೇ ಹೊರತು ಕೂಲಿಯವನಲ್ಲ. ಉಪವಿಭಾಗಾಧಿಕಾರಿಗೆ ಒಂದು ಅರ್ಜಿ ಹೋಗಬೇಕು, ಅಷ್ಟೆ. ಆ ಕುಟುಂಬಕ್ಕೆ ಬರೆಯಲು ಬಾರದು, ನಿಮಗೆ ಬರುತ್ತದೆ. 2023ರಲ್ಲಿ ಹೆಣ್ಣು ಭ್ರೂಣಹತ್ಯೆ ಜಾಲ ಬಯಲಾದಾಗ ಪೊಲೀಸರು ಹೇಳಿದ ಸ್ಕ್ಯಾನಿಂಗ್ ಜಾಗವೂ ನಿಮ್ಮ ಜಿಲ್ಲೆಯ ಆಲೆಮನೆಯೇ. ಪ್ಯಾರಿಸ್ಸಿನವರು ಬಂದು ನೋಡಬೇಕಿತ್ತೇ?

ಮೈಸೂರಿನ ನಮ್ಮ ಬೀದಿಯಲ್ಲಿ ನಿವೃತ್ತ ಗುಮಾಸ್ತರೊಬ್ಬರಿದ್ದರು. ಪಾತ್ರೆ ತೊಳೆಯುವ ಹೆಂಗಸಿನ ಮಗನನ್ನು ಠಾಣೆಗೆ ಒಯ್ದು ಎರಡನೇ ರಾತ್ರಿಯೂ ಬಿಡದಿದ್ದಾಗ, ಇವರು ಮಫ್ಲರ್ ಸುತ್ತಿಕೊಂಡು ಹೋಗಿ, ‘24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕಲ್ಲವೇ, ಸ್ವಾಮಿ?’ ಎಂದು ಕೇಳಿ ಬೆಂಚಿನ ಮೇಲೆ ಕುಳಿತರು. ದನಿ ಏರಿಸಲಿಲ್ಲ, ಎದ್ದು ಬರಲೂ ಇಲ್ಲ. ಬೆಳಿಗ್ಗೆ ಹುಡುಗ ಮನೆಯಲ್ಲಿದ್ದ. ಗುಮಾಸ್ತರು ಯಾವ ಸಂಘದ ಅಧ್ಯಕ್ಷರೂ ಆಗಿರಲಿಲ್ಲ.

ಅಧ್ಯಕ್ಷರಿಗೇನು ಬರವೇ? ಕಾರಿನ ಮುಂದೆ ‘ಮಾನವ ಹಕ್ಕು’ ಎಂದು ಕೆಂಪಕ್ಷರದ ಫಲಕ ತೂಗಿಸಿಕೊಂಡು ಟೋಲ್ ಕಟ್ಟೆಯಲ್ಲಿ ಜಗಳವಾಡುವವರನ್ನು ನೀವೂ ಕಂಡಿದ್ದೀರಿ. ನಿಮ್ಮ ಸಿಟ್ಟು ಬಹುಶಃ ಅವರ ಮೇಲಿನದು. ತಪ್ಪಿ ಹಕ್ಕಿನ ಮೇಲೆ ಬಿದ್ದಿದೆ. ಡಿಸೆಂಬರ್ 10 ಬಂದರೆ ಕಚೇರಿಗಳಲ್ಲಿ ಪ್ರತಿಜ್ಞೆ, ಹಾರ, ಉಪ್ಪಿಟ್ಟು. ಮಹಿಳೆಯರಿಗೆ, ಪರಿಶಿಷ್ಟರಿಗೆ, ಬಂಧನದಲ್ಲಿರುವವರಿಗೆ ಆದಾಯ ಕೇಳದೆ ಉಚಿತ ವಕೀಲರನ್ನು ಕೊಡಬೇಕೆಂಬ 1987ರ ಕಾಯಿದೆಯನ್ನು ಆ ವೇದಿಕೆಯಲ್ಲಿ ಯಾರೂ ಓದಿ ಹೇಳುವುದಿಲ್ಲ.

ನೀವು ಕೇಳಿದ ಪಟ್ಟಿಯನ್ನು ಹಾಕುತ್ತೇನೆ. ಅದರ ಮೇಲೆ, ದಪ್ಪಕ್ಷರದಲ್ಲಿ, ಕಾನೂನು ನೆರವಿನ ಸಹಾಯವಾಣಿ 15100 ಇರುತ್ತದೆ. ಕತ್ತರಿಸಿ ಹಾಲಿನ ಡೈರಿಯ ಅಂಗಳದಲ್ಲಿ ಅಂಟಿಸಿ.