ಸ್ಕೂಲು ಮುಗೀತು, ಮುಂದೇನು?

ಪ್ರಶ್ನೆ: ನನ್ನ ಮಗನಿಗೆ 17 ವರ್ಷ. ಬುದ್ಧಿ ಬೆಳವಣಿಗೆ ನಿಧಾನ. ಮೈಸೂರಿನ ಒಂದು ವಿಶೇಷ ಶಾಲೆಗೆ ಹೋಗುತ್ತಾನೆ. 18 ತುಂಬಿದ ಮೇಲೆ ಇಟ್ಟುಕೊಳ್ಳುವುದಿಲ್ಲ ಎಂದಿದ್ದಾರೆ. ಓದು ಅಷ್ಟಾಗಿ ಹತ್ತಲಿಲ್ಲ. ಆದರೆ ಹೇಳಿಕೊಟ್ಟ ಕೆಲಸ ಮರೆಯುವುದಿಲ್ಲ, ಮನೆಯಲ್ಲಿ ಬೂಸಾ ಚೀಲಗಳನ್ನೆಲ್ಲ ಒಂದೇ ಅಳತೆಗೆ ಮಡಚಿ ಜೋಡಿಸುವುದು ಅವನೇ. ಅವನಿಗೂ ಒಂದು ಕೆಲಸ ಅಂತ ಸಿಗುತ್ತದಾ, ಇಲ್ಲ ನಾವು ಸುಮ್ನೆ ಆಸೆ ಇಟ್ಟುಕೊಂಡಿದ್ದೇವಾ?
— ಒಬ್ಬ ತಂದೆ, ಶ್ರೀರಂಗಪಟ್ಟಣ ತಾಲ್ಲೂಕು

ಉತ್ತರ: ಸಿಗುತ್ತದೆ ಅಣ್ಣಾ. ಆದರೆ 18 ತುಂಬಿದ ಮೇಲೆ ಹುಡುಕಲು ಹೊರಟರೆ ಕಷ್ಟ. ಈಗಲೇ ಶುರು ಮಾಡಿ, ಒಂದು ವರ್ಷ ಕೈಯಲ್ಲಿದೆ.

ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ನಾನು ವಿಶೇಷ ಶಾಲೆಯಲ್ಲಿ ಮೇಷ್ಟ್ರಾಗಿದ್ದಾಗ ದೊಡ್ಡ ಹುಡುಗರಿಗೆಲ್ಲ ಮೇಣದಬತ್ತಿ ಮಾಡುವುದು, ಪೇಪರ್ ಕವರ್ ಅಂಟಿಸುವುದು ಕಲಿಸುತ್ತಿದ್ದೆ. ಚೆನ್ನಾಗಿಯೇ ಕಲಿತರು. ದೀಪಾವಳಿಗೆ ಗೊತ್ತಿದ್ದವರು ಬಂದು, ಪಾಪ ಅಂತ ನಾಲ್ಕು ಪ್ಯಾಕೆಟ್ ಕೊಂಡರು. ಸಂಕ್ರಾಂತಿ ಹೊತ್ತಿಗೆ ಕೇಳುವವರೇ ಇಲ್ಲ. ಹುಡುಗರು ಮನೆಗೆ ಹೋಗಿ ಟಿವಿ ಮುಂದೆ ಕೂತರು. ಅವರಿಗೆ ಕೆಲಸ ಬರುತ್ತಿರಲಿಲ್ಲ ಅಂತಲ್ಲ, ನಾನು ಯಾರಿಗೂ ಬೇಡದ ಕೆಲಸ ಕಲಿಸಿದ್ದೆ. ಇನ್ನೊಂದು ವಿಷಯ ಆಗ ನನಗೆ ಹೊಳೆದಿರಲಿಲ್ಲ. ಇಂಥ ಮಕ್ಕಳಲ್ಲಿ ತುಂಬಾ ಜನಕ್ಕೆ ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆ ಹಾಗೇ ಮಾಡುವುದು ಕಷ್ಟವಾಗುತ್ತದೆ. ಕ್ಲಾಸಿನ ಮೇಜಿನ ಮೇಲೆ ಸರಾಗವಾಗಿ ವಿಂಗಡಿಸುವವನು ಅಂಗಡಿಯ ಗಲಾಟೆಯಲ್ಲಿ ಕೈ ಕಟ್ಟಿ ನಿಂತುಬಿಡುತ್ತಾನೆ. ಅದಕ್ಕೇ ಕೆಲಸ ಕಲಿಸಬೇಕಾದದ್ದು ಕೆಲಸ ನಡೆಯುವ ಜಾಗದಲ್ಲೇ. ಪಕ್ಕದಲ್ಲಿ ನಿಂತು ತೋರಿಸಿಕೊಡುವ ಒಬ್ಬರು ಇರಬೇಕು, ಜಾಬ್ ಕೋಚ್ ಅನ್ನುತ್ತಾರಲ್ಲ, ಅವರು. ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆ ಮಾಡಿ, ಬೇಕಿದ್ದರೆ ಒಂದೊಂದಕ್ಕೂ ಫೋಟೋ ತೆಗೆದು ಗೋಡೆಗೆ ಅಂಟಿಸಿ ಕಲಿಸುತ್ತಾರೆ. ಮೊದಲ ವಾರ ಇಡೀ ದಿನ ಜೊತೆಗಿದ್ದು, ಆಮೇಲೆ ಅರ್ಧ ದಿನ, ಆಮೇಲೆ ಯಾವಾಗಲೋ ಒಮ್ಮೆ ಬಂದು ನೋಡಿ ಹೋಗುತ್ತಾರೆ. ಅಂಥವರು ಸಿಗದಿದ್ದರೆ ಅವನ ಶಾಲೆಯ ಟೀಚರೋ, ಮನೆಯ ಚಿಕ್ಕಪ್ಪನೋ ಆಗಬಹುದು.

ಈಗ ನೀವು ಮಾಡಬೇಕಾದದ್ದು ಇಷ್ಟು. ಒಂದು ವಾರ ಅವನನ್ನು ಗಮನಿಸಿ. ಯಾರೂ ನೆನಪಿಸದೆ ಏನು ಮಾಡುತ್ತಾನೆ, ಎಷ್ಟು ಹೊತ್ತು ಮಾಡುತ್ತಾನೆ, ಯಾವುದರಿಂದ ಎದ್ದು ಹೋಗುತ್ತಾನೆ, ಬರೆದಿಡಿ. ಆ ಚೀಲ ಮಡಚುವ ವಿಷಯ ಬರೆದಿದ್ದೀರಲ್ಲ, ನನಗೆ ನಿಮ್ಮ ಕಾಗದದಲ್ಲಿ ಎಲ್ಲಕ್ಕಿಂತ ಬೆಲೆಯ ಸಾಲು ಅದೇ. ರಜೆಯಲ್ಲಿ ಹದಿನೈದು ದಿನ ದಿನಾ ಎರಡು ಗಂಟೆ ಎಲ್ಲಾದರೂ ಕಳಿಸಿ: ನರ್ಸರಿ, ಬೇಕರಿ, ದಿನಸಿ ಅಂಗಡಿ. ಒಂದು ಹಿಡಿಸದಿದ್ದರೆ ಇನ್ನೊಂದು. ಆಲೆಮನೆ ಮಾತ್ರ ಬೇಡ, ಕುದಿಯುವ ಕೊಪ್ಪರಿಗೆ ಇರುವ ಜಾಗ, 18ರೊಳಗಿನವರನ್ನು ಅಪಾಯದ ಕೆಲಸಕ್ಕೆ ಹಚ್ಚಲು ಕಾನೂನೂ ಬಿಡುವುದಿಲ್ಲ. ನಿಮ್ಮ ಜಮೀನಿನಲ್ಲೇ ದುಡಿದರೂ ಸರಿ, ಆದರೆ ವಾರಕ್ಕೊಮ್ಮೆ ಕೂಲಿ ಅವನ ಕೈಗೇ ಕೊಡಿ. ಏನು ಕೊಂಡುಕೊಳ್ಳುತ್ತಾನೋ ಕೊಳ್ಳಲಿ.

ಬಸ್ಸಿನ ವಿಷಯ ಬೇರೆಯಾಗಿ ಹೇಳಬೇಕು. ಕೆಲಸ ಬರದೆ ಬಿಟ್ಟವರಿಗಿಂತ, ಒಬ್ಬರೇ ಬಸ್ಸು ಹತ್ತಲು ಬರದೆ ಬಿಟ್ಟವರನ್ನೇ ನಾನು ಜಾಸ್ತಿ ನೋಡಿದ್ದೇನೆ. ಅಪ್ಪ ದಿನಾ ಬೈಕಲ್ಲಿ ಬಿಡುತ್ತಿದ್ದರು, ಅಪ್ಪನಿಗೆ ಜ್ವರ ಬಂತು, ಕೆಲಸ ಹೋಯಿತು. ಒಂದೇ ಬಸ್ಸು, ಒಂದೇ ಸ್ಟಾಪು ಇಟ್ಟುಕೊಂಡು ಕಲಿಸಿ. ಮೊದಲು ಪಕ್ಕದಲ್ಲಿ ಕೂತು, ಆಮೇಲೆ ನಾಲ್ಕು ಸೀಟು ಹಿಂದೆ, ಆಮೇಲೆ ಬಸ್ಸಿನ ಹಿಂದೆ ಬೈಕಿನಲ್ಲಿ. ಕೆಎಸ್‌ಆರ್‌ಟಿಸಿಯ ಅಂಗವಿಕಲರ ರಿಯಾಯಿತಿ ಪಾಸು ಮನೆಯಿಂದ 100 ಕಿಲೋಮೀಟರ್‌ವರೆಗೆ ನಡೆಯುತ್ತದೆ, ಮೈಸೂರು ಮಂಡ್ಯ ಎರಡೂ ಅದರೊಳಗೇ ಬಂತು.

ಕಾಗದಪತ್ರ ಅಂದರೆ ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ), ಅವನ ಹೆಸರಲ್ಲೇ ಒಂದು ಬ್ಯಾಂಕ್ ಖಾತೆ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ ಅಂತ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಅವರನ್ನು ಹಿಡಿಯಿರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದ ಮೇಲೆ ಸರ್ಕಾರಿ ಕೆಲಸದ ಶೇ 4 ಮೀಸಲಿನಲ್ಲಿ ಇಂಥ ಮಕ್ಕಳಿಗೂ ಪಾಲಿದೆ, ಆದರೆ ಅದನ್ನೇ ನಂಬಿ ಕೂರಬೇಡಿ. ಅಮೆರಿಕದಲ್ಲಿ ಮಗುವಿಗೆ 16 ಆಗುವ ಹೊತ್ತಿಗೆ ಶಾಲೆಯವರೇ ಓದು ಮುಗಿದ ಮೇಲೇನು ಅಂತ ಯೋಜನೆ ಬರೆದಿಡಬೇಕು, ಅಲ್ಲಿನ ಕಾನೂನು ಹಾಗಿದೆ. ನೀವೂ ನಾಳೆಯೇ ಶಾಲೆಗೆ ಹೋಗಿ, ಈ ಒಂದು ವರ್ಷದಲ್ಲಿ ಇವನಿಗೆ ಏನು ಕಲಿಸುತ್ತೀರಿ ಅಂತ ಕೇಳಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಪ್ರಶ್ನೆ: ಮಗಳಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಈ ಸಲ ಎಸ್ಸೆಸ್ಸೆಲ್ಸಿ. ಅವರಪ್ಪ ಟೈಲರಿಂಗ್ ಸಾಕು ಅಂತಾರೆ, ಅತ್ತೆ ಮದುವೆ ಮಾಡಿ ಅಂತಾರೆ, ನನಗೆ ಇನ್ನೂ ಓದಿಸುವ ಆಸೆ. ಏನು ಮಾಡಲಿ?
— ಒಬ್ಬ ತಾಯಿ, ಮದ್ದೂರು

ಉತ್ತರ: ಅಕ್ಕಾ, ಮೂವರ ಅಭಿಪ್ರಾಯ ಬರೆದಿದ್ದೀರಿ. ಅವಳದು ಎಲ್ಲಿ? ಮೊದಲು ಅವಳನ್ನು ಕೇಳಿ. ಕೇಳುವುದಕ್ಕೆ ನಿಮ್ಮ ಮನೆಯಲ್ಲಿ ಯಾರಿಗಾದರೂ ಅವಳ ಸನ್ನೆ ಭಾಷೆ ಬರುತ್ತದಾ ಅನ್ನುವುದೂ ಒಂದು ಪ್ರಶ್ನೆಯೇ.

ಓದುತ್ತೇನೆ ಅಂದರೆ, ಅಂಗವಿಕಲ ಮಕ್ಕಳಿಗಾಗಿಯೇ ಮೈಸೂರಿನಲ್ಲಿ ಜೆಎಸ್‌ಎಸ್ ಪಾಲಿಟೆಕ್ನಿಕ್ ಇದೆ, ಎಸ್ಸೆಸ್ಸೆಲ್ಸಿ ಆದ ಮೇಲೆ ಡಿಪ್ಲೊಮಾ ಮಾಡಬಹುದು. ಫಲಿತಾಂಶಕ್ಕೆ ಕಾಯದೆ ಒಮ್ಮೆ ಅವಳನ್ನು ಕರೆದುಕೊಂಡು ಹೋಗಿ ಬನ್ನಿ, ಹೇಗೂ ಶಕ್ತಿ ಯೋಜನೆಯಲ್ಲಿ ನಿಮ್ಮಿಬ್ಬರಿಗೂ ಟಿಕೆಟ್ ಇಲ್ಲ. ಹಾಸ್ಟೆಲ್ ವಿಷಯ ಅಲ್ಲೇ ವಿಚಾರಿಸಿ, ಮದ್ದೂರಿಂದ ದಿನಾ ಓಡಾಡುವುದು ಆಗದ ಮಾತು. ಅದೇ ದಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೂ ಹೋಗಿ, ಹಿಯರಿಂಗ್ ಏಡ್ ಹಾಕುತ್ತಿದ್ದರೆ ಇನ್ನೊಮ್ಮೆ ಪರೀಕ್ಷೆ ಮಾಡಿಸಿ. ಟೈಲರಿಂಗ್ ಕೀಳು ಅಂತ ನಾನು ಹೇಳುವುದಿಲ್ಲ. ಅವಳಿಗೆ ಇಷ್ಟವಿದ್ದರೆ ಅದೇ ಆಗಲಿ, ಆದರೆ ಕಿವುಡಿಗೆ ಟೈಲರಿಂಗ್ ಅಂತ ತಲೆತಲಾಂತರದಿಂದ ಬರೆದಿಟ್ಟ ಹಾಗೆ ಆಗಬಾರದು ಅಲ್ವಾ.

ಈ ರಜೆಯಲ್ಲೇ ಒಂದು ಅಭ್ಯಾಸ ಮಾಡಿಸಿ: ಕನ್ನಡದಲ್ಲಿ ಸಣ್ಣ ಸಣ್ಣ ಮೆಸೇಜು ಬರೆಯುವುದು. "ನಾಳೆ ಅರ್ಧ ದಿನ ರಜೆ ಬೇಕು", "ಇದು ನನಗೆ ಅರ್ಥವಾಗಲಿಲ್ಲ, ಬರೆದು ತೋರಿಸಿ". ಕೆಲಸದ ಜಾಗದಲ್ಲಿ ಮಾರ್ಕ್ಸ್ ಕಾರ್ಡಿಗಿಂತ ಇದೇ ಅವಳಿಗೆ ಜಾಸ್ತಿ ಬಳಕೆಗೆ ಬರುತ್ತದೆ.

ಪ್ರಶ್ನೆ: ಬಿಕಾಂ ಕೊನೆಯ ವರ್ಷ. ಸೆರೆಬ್ರಲ್ ಪಾಲ್ಸಿ ಇದೆ, ನಡಿಗೆ ಮತ್ತು ಬರವಣಿಗೆ ನಿಧಾನ. ಅರ್ಜಿಯಲ್ಲಿ ಇದನ್ನು ಹೇಳಬೇಕಾ?
— ವಿದ್ಯಾರ್ಥಿ, ಸರಸ್ವತಿಪುರಂ, ಮೈಸೂರು

ಉತ್ತರ: ಸರ್ಕಾರಿ ಕೆಲಸವಾದರೆ ಹೇಳಲೇಬೇಕು. ಅಂಗವೈಕಲ್ಯ ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂತ ಪ್ರಮಾಣಪತ್ರ ಇದ್ದರೆ ಮೀಸಲು ಸಿಗುತ್ತದೆ. ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚಿನ ಸಮಯಕ್ಕೆ ಕೇಂದ್ರ ಸರ್ಕಾರದ ನಿಯಮವಿದೆ, ಅರ್ಜಿ ಹಾಕುವಾಗಲೇ ಕೇಳಿ. ಖಾಸಗಿಯಾದರೆ ನಿಮ್ಮಿಷ್ಟ. ನಾನಾದರೆ ಇಂಟರ್‌ವ್ಯೂಗೆ ಕರೆ ಬಂದ ಮೇಲೆ ಹೇಳುತ್ತೇನೆ, ಅದೂ ಕಾಯಿಲೆಯ ಕಥೆಯಾಗಿ ಅಲ್ಲ, ಬೇಕಾದದ್ದರ ಪಟ್ಟಿಯಾಗಿ: "ಕೈಬರಹ ನಿಧಾನ, ಟೈಪ್ ಮಾಡುತ್ತೇನೆ. ನೆಲಮಹಡಿಯಲ್ಲಿ ಸೀಟು ಬೇಕು." ಖಾಸಗಿ ಕಂಪನಿಗಳೂ ಸಮಾನ ಅವಕಾಶದ ನೀತಿ ಪ್ರಕಟಿಸಬೇಕು ಅಂತ ಅದೇ 2016ರ ಕಾಯ್ದೆ ಹೇಳುತ್ತದೆ. ಹೋಗುವ ಮುಂಚೆ ಆ ಕಂಪನಿಯ ನೀತಿ ಓದಿಕೊಂಡು ಹೋಗಿ.

ಪ್ರಶ್ನೆ: ನಮ್ಮದು ಚಿಕ್ಕ ಬೇಕರಿ. ಸ್ವೀಟ್ ಬಾಕ್ಸ್ ಮಡಚಲು, ಟ್ರೇ ಜೋಡಿಸಲು ಯಾವ ಹುಡುಗರೂ ತಿಂಗಳ ಮೇಲೆ ನಿಲ್ಲುತ್ತಿಲ್ಲ. ವಿಶೇಷ ಶಾಲೆಯ ಹುಡುಗರನ್ನು ತೆಗೆದುಕೊಳ್ಳಬಹುದು ಅಂತ ಒಬ್ಬರು ಹೇಳಿದರು. ನಿಭಾಯಿಸಲು ಆಗುತ್ತದಾ ಅಂತ ಭಯ.
— ಬೇಕರಿ ಮಾಲೀಕರು, ಮೈಸೂರು

ಉತ್ತರ: ಭಯ ಇರಲಿ, ಪರವಾಗಿಲ್ಲ. ಒಲೆಯ ಹತ್ತಿರ ಬೇಡ, ಬಾಕ್ಸಿನಿಂದ ಶುರು ಮಾಡಿ. ಹೇಳಿಕೊಡಲು ನಿಮ್ಮಲ್ಲಿ ತಾಳ್ಮೆ ಇರುವ ಒಬ್ಬರನ್ನು ಗೊತ್ತು ಮಾಡಿ, ಹತ್ತು ಜನ ಹತ್ತು ತರಹ ಹೇಳಿದರೆ ಯಾರಿಗಾದರೂ ತಲೆ ಕೆಡುತ್ತದೆ. ಬೇರೆ ಹುಡುಗರಿಗೆ ಏನು ಕೊಡುತ್ತೀರೋ ಇವನಿಗೂ ಅಷ್ಟೇ ಸಂಬಳ, ತಪ್ಪು ಮಾಡಿದರೆ ಅಷ್ಟೇ ಬೈಗುಳ.

ಅಂದಹಾಗೆ ಮೇಲಿನ ಮೊದಲ ಕಾಗದ ಓದಿದಿರಾ? ನೀವು ಹೂಂ ಅಂದರೆ ನಿಮ್ಮ ಫೋನ್ ನಂಬರ್ ಅವರಿಗೆ ಕಳಿಸುತ್ತೇನೆ.