ಆಮ್ಲಜನಕಕ್ಕೆ ಮೊದಲು ರಕ್ತನಾಳ ನೋಡಿಸಿ

ಸಕಲೇಶಪುರದ ಓದುಗರೊಬ್ಬರು ಕೇಳಿದ್ದಾರೆ: “ತಂದೆಯವರಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ. ತೋಟದಲ್ಲಿ ಕೂಳೆ ಚುಚ್ಚಿ ಅಂಗಾಲಿಗೆ ಆದ ಗಾಯ ನಾಲ್ಕು ತಿಂಗಳಾದರೂ ಮಾಯುತ್ತಿಲ್ಲ. ಬೆಂಗಳೂರಿನಲ್ಲಿ ಹೈಪರ್‌ಬೇರಿಕ್ ಆಮ್ಲಜನಕ ಚಿಕಿತ್ಸೆ 40 ಸಲ ಮಾಡಿಸಿದರೆ ಕಾಲು ಉಳಿಯುತ್ತದೆ ಎನ್ನುತ್ತಾರೆ. ತೋಟ ಅಡವಿಟ್ಟಾದರೂ ಮಾಡಿಸೋಣವೇ?”

ಅಡವಿನ ಮಾತು ಸದ್ಯಕ್ಕೆ ಬೇಡ.

ಈ ಚಿಕಿತ್ಸೆ ಬೂಟಾಟಿಕೆಯಲ್ಲ. ಮುಚ್ಚಿದ ಕೋಣೆಯಲ್ಲಿ ಒತ್ತಡವನ್ನು ವಾತಾವರಣದ ಎರಡು, ಎರಡೂವರೆ ಪಟ್ಟಿಗೆ ಏರಿಸಿ, ಒಂದೂವರೆ ಎರಡು ತಾಸು ಶುದ್ಧ ಆಮ್ಲಜನಕ ಉಸಿರಾಡಿಸುತ್ತಾರೆ. ಮಾಮೂಲಿ ಗಾಳಿಯಲ್ಲಿ 100 ಮಿ.ಲೀ. ರಕ್ತದ ದ್ರವದಲ್ಲಿ ಕರಗುವ ಆಮ್ಲಜನಕ ಸುಮಾರು 0.3 ಮಿ.ಲೀ.; ಮೂರು ಪಟ್ಟು ಒತ್ತಡದಲ್ಲಿ ಅದು 6 ಮಿ.ಲೀ. ಮುಟ್ಟುತ್ತದೆ. ಆದರೆ ಆ ರಕ್ತ ಅಂಗಾಲನ್ನು ತಲುಪಬೇಕಲ್ಲ? ತೂಬು ಮುಚ್ಚಿದ್ದರೆ ಕೆರೆ ತುಂಬಿ ಏನು ಬಂತು!

ಕಾಲಿನ ರಕ್ತನಾಳಗಳಲ್ಲಿ ರಕ್ತ ಸರಿಯಾಗಿ ಹರಿಯುತ್ತಿದೆಯೇ ಎಂದು ನೋಡುವ ಡಾಪ್ಲರ್ ಪರೀಕ್ಷೆಯ ಸುದ್ದಿಯೇ ನಿಮ್ಮ ಪತ್ರದಲ್ಲಿ ಇಲ್ಲ. ಅದಕ್ಕೆ ಬೆಂಗಳೂರು ಬೇಡ, ಹಾಸನ ಸಾಕು. ರಕ್ತನಾಳ ಕಟ್ಟಿದ್ದರೆ ಮೊದಲು ಅದನ್ನು ತೆರೆಸಬೇಕು. ಸೋಂಕು ಮೂಳೆಗೆ ಇಳಿದಿದೆಯೇ ಎಂದು ಎಕ್ಸ್‌ರೇ ತೆಗೆಸಿ. ಸತ್ತ ಮಾಂಸವನ್ನು ಶಸ್ತ್ರವೈದ್ಯರು ಕತ್ತರಿಸಿ ತೆಗೆಯಬೇಕು, ಸಕ್ಕರೆ ಹತೋಟಿಗೆ ಬರಬೇಕು, ಗಾಯದ ಮೇಲೆ ಭಾರ ಬೀಳಲೇಬಾರದು. ಅವರು ಈಗಲೂ ಹವಾಯಿ ಚಪ್ಪಲಿ ಮೆಟ್ಟಿ ತೋಟ ಸುತ್ತುತ್ತಿದ್ದರೆ ಯಾವ ಕೋಣೆಯೂ ಕೈಹಿಡಿಯದು.

ಇಷ್ಟೆಲ್ಲ ಸರಿಯಾಗಿ ಮಾಡಿಯೂ ತಿಂಗಳೊಪ್ಪತ್ತಿನಲ್ಲಿ ಗುಣ ಕಾಣದ, ಆಳದಲ್ಲಿ ಕೀವುಗಟ್ಟಿದ ಅಥವಾ ಮೂಳೆಯವರೆಗೆ ಇಳಿದ ಗಾಯಕ್ಕೆ ಆಮ್ಲಜನಕ ಚಿಕಿತ್ಸೆಯನ್ನು ಜೊತೆಗೆ ಸೇರಿಸುವುದುಂಟು. ಅಲ್ಲಿಯೂ ಅಧ್ಯಯನಗಳು ಒಂದೇ ಮಾತು ಹೇಳುತ್ತಿಲ್ಲ. ಕೆಲವದರಲ್ಲಿ ಲಾಭ ಕಂಡಿದೆ, ಕೆಲವದರಲ್ಲಿ ಇಲ್ಲ. “ಕಾಲು ಉಳಿದೇ ಉಳಿಯುತ್ತದೆ” ಎನ್ನುವವರ ಬಳಿ ಮುಂಗಡ ಕಟ್ಟಬೇಡಿ. ನೀವು ಕಳುಹಿಸಿದ ಕರಪತ್ರದಲ್ಲಿ ಆಟಿಸಂ, ಮುಖದ ಸುಕ್ಕು ಎರಡಕ್ಕೂ ಇದೇ ಮದ್ದು! ಆಟಿಸಂಗೆ ಇದು ಚಿಕಿತ್ಸೆಯಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಿದೆ. 1.3 ಪಟ್ಟು ಒತ್ತಡದ ಮೆತ್ತನೆಯ ಚೀಲಗಳೂ ಇದೇ ಹೆಸರಿನಲ್ಲಿ ನಡೆಯುತ್ತಿವೆ. ನಿಮಗೆ ತೋರಿಸಿದ್ದು ಯಾವುದು, ಕೇಳಿ.

ವೈದ್ಯರೇ ಒಪ್ಪಿ ಕಳುಹಿಸಿದರೆ, ಮೊದಲು ಎದೆಯ ಎಕ್ಸ್‌ರೇ ಆಗಲಿ. ಶ್ವಾಸಕೋಶದ ಹೊರಗೆ ಗಾಳಿ ಸೇರಿಕೊಂಡಿದ್ದರೆ ಅದು ವಾಸಿಯಾಗುವ ತನಕ ಕೋಣೆಗೆ ಹೋಗುವಂತಿಲ್ಲ. ಶಿರಾಡಿ ಘಾಟಿ ಇಳಿಯುವಾಗ ತಂದೆಯವರಿಗೆ ಕಿವಿ ನೋಯುತ್ತಿದ್ದರೆ ಅದನ್ನೂ ಹೇಳಿ. ಇಲ್ಲಿ ಹೆಚ್ಚಾಗಿ ಪೆಟ್ಟಾಗುವುದು ಕಿವಿಗೇ. ಒಳಗೆ ಸಕ್ಕರೆ ಇಳಿಯಬಹುದು, ಆದ್ದರಿಂದ ಪ್ರತಿ ಸಲವೂ ರಕ್ತ ಪರೀಕ್ಷಿಸಿಯೇ ಬಿಡಬೇಕು. ಹತ್ತಿ ಬಟ್ಟೆ ಮಾತ್ರ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಬಾರದು. ಜೇಬಿನಲ್ಲಿ ಮೊಬೈಲ್, ಬೆಂಕಿಪೆಟ್ಟಿಗೆ ಇರಬಾರದು. ಆಮ್ಲಜನಕ ತುಂಬಿದ ಕೋಣೆಗೆ ಒಂದು ಕಿಡಿ ಸಾಕು.

ಖರ್ಚಿನ ಲೆಕ್ಕದಲ್ಲಿ ಮನೆ ಬಾಡಿಗೆಯನ್ನೂ ಹಿಡಿಯಿರಿ: ವಾರಕ್ಕೆ ಐದು ದಿನವೆಂದರೂ 40 ಸಲಕ್ಕೆ ಎಂಟು ವಾರ ಬೆಂಗಳೂರಿನಲ್ಲೇ ಇರಬೇಕಾಗುತ್ತದೆ. ಈ ನಡುವೆ ಜ್ವರ ಬಂದರೆ, ಬೆರಳು ಕಪ್ಪಾದರೆ, ಗಾಯ ನಾತ ಹೊಡೆದರೆ ಡಾಪ್ಲರ್ ವರದಿಗೂ ಕಾಯಬೇಡಿ, ಅದೇ ರಾತ್ರಿ ಆಸ್ಪತ್ರೆಗೆ ಸೇರಿಸಿ.

– ಸಂ.