ತುಕ್ಕು ಹಿಡಿದ ಪದ್ಮಿನಿಗೆ ಗುಜರಿಯ ತುಂಡು

ಪ್ರಶ್ನೆ: ನಮ್ಮದು 1984ರ ಪ್ರೀಮಿಯರ್ ಪದ್ಮಿನಿ ಕಾರು. ವರ್ಷಗಟ್ಟಲೆ ಶೆಡ್ಡಿನಲ್ಲೇ ನಿಂತಿತ್ತು. ಡ್ರೈವರ್ ಸೀಟಿನ ಮುಂದೆ ಮ್ಯಾಟ್ ಎತ್ತಿದರೆ ನೆಲ ಕಾಣುತ್ತದೆ. ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡ್ ಎರಡೂ ಕಡೆ ಪೊಳ್ಳು. ಟಿಂಕರಿಂಗ್‌ನವರು ಮೇಲೊಂದು ತಗಡು ಕೂರಿಸಿ ವೆಲ್ಡ್ ಮಾಡುತ್ತೇವೆ ಎನ್ನುತ್ತಾರೆ. ಅಷ್ಟು ಸಾಕೇ?
– ಓದುಗರು, ಕುಂದಾಪುರ

ಉತ್ತರ: ಸಾಲದು. ಜೀಪಿಗಿರುವಂತೆ ಪದ್ಮಿನಿಗೆ ಕೆಳಗೆ ಭಾರ ಹೊರುವ ಬೇರೆ ಚೌಕಟ್ಟು, ಅಂದರೆ ಚಾಸಿಸ್ ಇಲ್ಲ, ಬಾಡಿಯೇ ಚಾಸಿಸ್. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಗಾಡಿ ಬಾಗದಂತೆ ಹಿಡಿಯುವುದೇ ಆ ರನ್ನಿಂಗ್ ಬೋರ್ಡಿನ ಪೆಟ್ಟಿಗೆ. ಕೊಳೆತದ್ದರ ಮೇಲೆ ಹೊಸ ತಗಡು ಬಡಿದರೆ ಎರಡರ ಸಂದಿಯಲ್ಲಿ ನೀರು ನಿಲ್ಲುತ್ತದೆ, ಹೊಸದೂ ಒಳಗಿನಿಂದಲೇ ಹೋಗುತ್ತದೆ.

ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ. ಮುಂದಿನ ಗ್ಲಾಸಿನ ರಬ್ಬರು ಗಟ್ಟಿಯಾಗಿ ಬಿರಿದಿದ್ದರೆ ಮಳೆನೀರು ಡ್ಯಾಶ್‌ಬೋರ್ಡ್ ಹಿಂದಿನಿಂದ ಇಳಿದು ಮ್ಯಾಟಿನಡಿ ಸೇರುತ್ತದೆ. ಅದನ್ನು ಬದಲಿಸದೆ ಫ್ಲೋರ್ ಹಾಕಿಸಿದರೆ ದುಡ್ಡು ದಂಡ.

ಇನ್ನು ಕತ್ತರಿಸುವುದು. ಸೀಟು, ಮ್ಯಾಟು, ಆ ಭಾಗದ ವೈರಿಂಗ್ ತೆಗೆಯಿರಿ. ಬ್ಯಾಟರಿ ಬಿಚ್ಚಿ, ಪೆಟ್ರೋಲ್ ಟ್ಯಾಂಕನ್ನು ಕಳಚಿ ಶೆಡ್ಡಿನಿಂದ ಆಚೆ ಇಡಿ. ಗಾಡಿಯ ಭಾರ ಸಸ್ಪೆನ್ಷನ್ ಮೇಲೆಯೇ ಕೂರುವಂತೆ ಸಮತಟ್ಟು ನೆಲದಲ್ಲಿ ಸ್ಟ್ಯಾಂಡ್ ಕೊಡಿ. ನಡುವೆ ಜಾಕ್ ಕೊಟ್ಟು ರನ್ನಿಂಗ್ ಬೋರ್ಡ್ ಕತ್ತರಿಸುವುದೇ ಎಲ್ಲರೂ ಮಾಡುವ ತಪ್ಪು. ಬಾಡಿ ಕೆಲವೇ ಮಿಲಿಮೀಟರ್ ಬಾಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ವೆಲ್ಡಿಂಗ್ ಮುಗಿಸಿ ಬಾಗಿಲು ಹಾಕಿದಾಗ ಮೇಲಿನ ಮೂಲೆಯಲ್ಲಿ ಬೆರಳು ತೂರುವಷ್ಟು ಸಂದಿ, ಕೆಳಗೆ ಬಾಗಿಲು ಉಜ್ಜುತ್ತದೆ. ಆಮೇಲೆ ಹಿಂಜಸ್ ಬಡಿದು ಬಗ್ಗಿಸುವ ಕೆಲಸ ಶುರುವಾಗುತ್ತದೆ, ಅದು ಮುಗಿಯುವುದೇ ಇಲ್ಲ.

ಹಾಗಾಗಬಾರದೆಂದರೆ ಕತ್ತರಿಸುವ ಮೊದಲೇ 25 ಎಂಎಂ ಚೌಕ ಪೈಪನ್ನು ಬಾಗಿಲ ಚೌಕಟ್ಟಿನಲ್ಲಿ ಹಿಂಜಸ್ ಕಂಬದಿಂದ ನಡುವಿನ ಕಂಬಕ್ಕೆ ಒಂದು ನೇರ, ಒಂದು ಓರೆಯಾಗಿ ಟ್ಯಾಕ್ ಮಾಡಿ, ಅಂದರೆ ಚುಕ್ಕಿ ಚುಕ್ಕಿಯಾಗಿ ತಾತ್ಕಾಲಿಕ ವೆಲ್ಡ್ ಹಾಕಿ. ಎಡದ ಕಂಬದಿಂದ ಬಲದ ಕಂಬಕ್ಕೂ ಒಂದು ಇರಲಿ. ಬಾಗಿಲ ಚೌಕಟ್ಟಿನ ಮೂಲೆಯಿಂದ ಎದುರು ಮೂಲೆಗಿರುವ ಅಳತೆಗಳನ್ನು ಬರೆದಿಟ್ಟುಕೊಳ್ಳಿ. ಒಂದು ಕಡೆಯದು ಪೂರ್ತಿ ಮುಗಿಯುವವರೆಗೆ ಇನ್ನೊಂದು ಕಡೆ ಮುಟ್ಟಬೇಡಿ. ಹೊಸ ತುಂಡನ್ನು ಟ್ಯಾಕ್ ಮಾಡಿದ ಮೇಲೆ ಬಾಗಿಲು ಸಿಕ್ಕಿಸಿ, ಸುತ್ತಲೂ ಸಂದಿ ಒಂದೇ ಸಮ ಬಂದರೆ ಮಾತ್ರ ಪೂರ್ತಿ ವೆಲ್ಡ್.

ಗ್ಯಾಸ್ ವೆಲ್ಡಿಂಗ್ ಬೇಡ, ಕಾವಿಗೆ ತಗಡು ಅಲೆಯಲೆಯಾಗುತ್ತದೆ. 0.8 ಎಂಎಂ ತಂತಿಯ ಸಿಓಟು ವೆಲ್ಡಿಂಗ್ (ಕರೆಂಟಿನಿಂದ ತಂತಿ ಕರಗಿಸುವಾಗ ಕಾರ್ಬನ್ ಡೈಆಕ್ಸೈಡ್ ಬಿಡುವ ಬಗೆ) ಇರುವವರಲ್ಲಿ ಕೊಡಿ. ಫ್ಲೋರಿಗೆ 20 ಗೇಜ್, ರನ್ನಿಂಗ್ ಬೋರ್ಡಿಗೆ ಅದಕ್ಕಿಂತ ದಪ್ಪದ 18 ಗೇಜ್ ಸಿಆರ್ ಶೀಟ್ (ಸತು ಲೇಪವಿಲ್ಲದ ಉಕ್ಕಿನ ತಗಡು). ಫ್ಲೋರಿನ ಅಂಚು ಒಂದರ ಮೇಲೊಂದು 15 ಎಂಎಂ ಕೂರಲಿ. ಮೇಲಿನದಕ್ಕೆ ನಾಲ್ಕು ಸೆಂಟಿಮೀಟರಿಗೊಂದರಂತೆ 7 ಎಂಎಂ ತೂತು ಕೊರೆದು, ಆ ತೂತನ್ನು ವೆಲ್ಡ್‌ನಿಂದ ತುಂಬಿಸಿ. ಸತು ಲೇಪಿಸಿದ ಜಿಐ ಶೀಟ್ ಅಗ್ಗವೆಂದು ತರಬೇಡಿ. ಅದರ ಸತುವಿನ ಹೊಗೆ ಕುಡಿದ ವೆಲ್ಡರಿಗೆ ರಾತ್ರಿ ಚಳಿಜ್ವರ, ವೆಲ್ಡಿನಲ್ಲೂ ಗುಳ್ಳೆ.

ಪ್ರಶ್ನೆ: ಶಿವಾಜಿನಗರದ ಗುಜರಿಯಲ್ಲಿ ಹಳೇ ಫಿಯೆಟ್ (ಪದ್ಮಿನಿ) ಬಾಗಿಲು, ಮಡ್‌ಗಾರ್ಡ್ ಹುಡುಕುತ್ತಿದ್ದೇನೆ. ಮೋಸ ಹೋಗದಂತೆ ನೋಡುವುದು ಹೇಗೆ? ಮುಂಬೈ ಟ್ಯಾಕ್ಸಿಯ ಸಾಮಾನು ತರಬಹುದೇ?
– ಓದುಗರು, ತುಮಕೂರು

ಉತ್ತರ: ಜೇಬಿನಲ್ಲಿ ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ ಇರಲಿ. ಅದು ಅಂಟದೆ ಜಾರುವ ಕಡೆ ಒಳಗಿರುವುದು ಪುಟ್ಟಿ. ಬಾಗಿಲನ್ನು ತಲೆಕೆಳಗು ಮಾಡಿ ಕೆಳಗಿನ ಮಡಿಕೆಗೆ ಸ್ಕ್ರೂಡ್ರೈವರ್ ಒತ್ತಿ. ನೀರಿಳಿಯುವ ತೂತುಗಳ ಸುತ್ತ ಚಕ್ಕೆ ಏಳುತ್ತಿದ್ದರೆ ಅಲ್ಲೇ ಬಿಟ್ಟು ಬನ್ನಿ, ಹೊರಮೈ ಎಷ್ಟೇ ಹೊಳೆಯುತ್ತಿರಲಿ. ಬಾಗಿಲು ಕೊಂಡರೆ ಹಿಂಜಸ್, ಪಿನ್, ಲಾಕ್ ಸಮೇತ ಕೊಳ್ಳಿ.

ಪದ್ಮಿನಿ ಟ್ಯಾಕ್ಸಿಗಳು ಮುಂಬೈ ರಸ್ತೆ ಬಿಟ್ಟದ್ದು 2023ರ ಅಕ್ಟೋಬರಿನಲ್ಲಿ. ಅವುಗಳ ಹ್ಯಾಂಡಲ್, ಗ್ಲಾಸು, ಲ್ಯಾಂಪಿನ ರಿಂಗು ಧಾರಾಳವಾಗಿ ತನ್ನಿ. ತಗಡು ಮಾತ್ರ ಬೇಡ, ಕಡಲಗಾಳಿ ಕುಡಿದದ್ದು. ತಗಡಿಗೆ ಬಳ್ಳಾರಿ, ರಾಯಚೂರು ಕಡೆ ಓಡಿದ ಗಾಡಿಯೇ ವಾಸಿ.

ತುಂಡು ಕತ್ತರಿಸಿ ತರುವುದಾದರೆ ನಿಮಗೆ ಬೇಕಾದ್ದಕ್ಕಿಂತ ಎರಡು ಇಂಚು ಜಾಸ್ತಿ ಕೇಳಿ. ಗ್ಯಾಸ್ ಕಟರ್ ಬೇಡ, 1 ಎಂಎಂ ಡಿಸ್ಕಿನ ಗ್ರೈಂಡರ್ ಹಾಕಿಸಿ. ತಗಡುಗಳನ್ನು ಚುಕ್ಕಿಯಾಗಿ ಬೆಸೆದಿರುವ ಉಳಿದ ಸ್ಪಾಟ್ ವೆಲ್ಡುಗಳನ್ನು ಮನೆಯಲ್ಲಿ 8 ಎಂಎಂ ಬಿಟ್‌ನಿಂದ ಮೇಲಿನ ಪದರ ಮಾತ್ರ ಹೋಗುವಂತೆ ಕೊರೆದು ಬಿಡಿಸಿ.

ಪ್ರಶ್ನೆ: ತುಕ್ಕಿನ ಮೇಲೆ ಕನ್ವರ್ಟರ್ (ತುಕ್ಕನ್ನು ಗಟ್ಟಿ ಪದರವಾಗಿಸುವ ದ್ರಾವಣ) ಹಚ್ಚಿ ಪುಟ್ಟಿ ಹಾಕಿದ್ದೆವು. ಒಂದೇ ಮಳೆಗಾಲಕ್ಕೆ ಬಣ್ಣ ಗುಳ್ಳೆ ಎದ್ದಿತು. ಕಾರಣವೇನು?
– ಓದುಗರು, ಸಾಗರ

ಉತ್ತರ: ಕನ್ವರ್ಟರ್ ಮೇಲ್ಮೈ ತುಕ್ಕಿಗೆ ಮಾತ್ರ. ತೂತು ಬಿದ್ದ ತಗಡಿನ ಹಿಂಬದಿಯಲ್ಲಿ ತುಕ್ಕು ಹಾಗೇ ಇರುತ್ತದೆ, ಪುಟ್ಟಿ ಆ ನೀರು ಹೀರುತ್ತದೆ. ಹೊಳೆಯುವ ತಗಡು ಸಿಗುವವರೆಗೆ ಕತ್ತರಿಸಿ ತುಂಡು ಹಾಕಿಸಿ, ಎಪಾಕ್ಸಿ ಪ್ರೈಮರ್ ಹೊಡೆಸಿ, ಅದರ ಮೇಲೆ ಪುಟ್ಟಿ. ದಪ್ಪ 3 ಎಂಎಂ ಮೀರಬಾರದು. 100 ಗ್ರಾಂ ಪುಟ್ಟಿಗೆ ಅದನ್ನು ಗಟ್ಟಿಯಾಗಿಸುವ ಹಾರ್ಡನರ್ 2 ಗ್ರಾಂ ಸಾಕು. ಬೇಗ ಒಣಗಲೆಂದು ಹೆಚ್ಚು ಹಾಕಿದರೆ ಅದರ ಕಲೆ ಬಣ್ಣದ ಮೇಲೆ ಮೂಡುತ್ತದೆ. ಪುಟ್ಟಿಯನ್ನು ಒಣದಾಗಿಯೇ ಉಜ್ಜಿ, ನೀರು ಹಾಕಿ ಉಜ್ಜುವುದು ಪ್ರೈಮರ್ ಬಂದ ಮೇಲೆ.

ಪ್ರಶ್ನೆ: ಗುಜರಿಯಲ್ಲಿ ಪೂರ್ತಿ ಒಳ್ಳೆಯ ಬಾಡಿಯೇ ಸಿಕ್ಕಿದೆ. ನಮ್ಮ ನಂಬರ್ ಅದಕ್ಕೆ ಹಾಕಬಹುದೇ?
– ಓದುಗರು, ಹಾಸನ

ಉತ್ತರ: ಬೇಡ. ಚಾಸಿಸ್ ನಂಬರ್ ಬಾಡಿಯ ಮೇಲೆಯೇ ಇರುವುದು. ಅದನ್ನು ಕತ್ತರಿಸಿ ಇನ್ನೊಂದಕ್ಕೆ ಅಂಟಿಸಿದರೆ ಅಪರಾಧ. ಆ ಬಾಡಿಯಿಂದ ನಿಮಗೆ ಬೇಕಾದ ಭಾಗಗಳನ್ನಷ್ಟೇ ಬಿಚ್ಚಿಕೊಳ್ಳಿ. ನಿಮ್ಮದು 50 ವರ್ಷ ದಾಟಿದ ಗಾಡಿಯಾಗಿದ್ದು, 2021ರ ನಿಯಮದಂತೆ ವಿಂಟೇಜ್ ನೋಂದಣಿಗೆ ಹೋಗುವ ಯೋಚನೆಯಿದ್ದರೆ ಇನ್ನೂ ಎಚ್ಚರ: ಬಾಡಿ, ಎಂಜಿನ್ ಮೂಲರೂಪದಲ್ಲಿರಬೇಕೆಂಬುದೇ ಅದರ ಷರತ್ತು. ಬಣ್ಣ ಬದಲಿಸಿದರೆ ಆರ್‌ಟಿಓದಲ್ಲಿ ಆರ್‌ಸಿಗೆ ಸೇರಿಸಿಕೊಳ್ಳುವುದನ್ನು ಮರೆಯಬೇಡಿ.